ಹೊಲಕ್ಕೂ ಆಕಾಶಕ್ಕೂ ನಂಟು ಬೆಸೆದ ವಿಕ್ರಮ್ ಸಾರಾಭಾಯಿ

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಾದರೂ ಬೇಸಾಯ ಮಾಡುತ್ತಾರೆಯೆ? ಹಾಗಿದ್ದರೆ ಒಂದು ವಿಷಯವನ್ನು ನೀವು ಖಂಡಿತ ಗಮನಿಸಿರುತ್ತೀರಿ. ಬಿತ್ತನೆಗೆ ಮೊದಲು, ಔಷಧಿ ಸಿಂಪಡಿಸುವ ಮೊದಲು, ಕೊಯ್ದ ಪೈರನ್ನು ಕಣಕ್ಕೆ ತರುವ ಮೊದಲು ಅಪ್ಪನೋ ಅಜ್ಜನೋ ಒಮ್ಮೆ ತಲೆಯೆತ್ತಿ ಆಕಾಶ ನೋಡುತ್ತಾರೆ. ಮೋಡ ಎತ್ತ ಸಾಗುತ್ತಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಈಗೀಗ ಅವರೇ ಜೇಬಿನಿಂದ ಮೊಬೈಲ್ ತೆಗೆದು, ನಾಳೆ ಮಳೆ ಇದೆಯೇ ಎಂದು ನೋಡುವುದೂ ಉಂಟು. ಆ ಸುದ್ದಿ ಮೊಬೈಲಿಗೆ ಎಲ್ಲಿಂದ ಬಂತು? ಅದರ ಬಹುಭಾಗ ಬಂದದ್ದು ಆಕಾಶದಿಂದಲೇ! ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ದೇಶದ ಹವಾಮಾನ ಉಪಗ್ರಹಗಳು ಹಗಲು ರಾತ್ರಿ ಮೋಡಗಳ ಚಿತ್ರ ತೆಗೆದು ಕಳುಹಿಸುತ್ತಲೇ ಇರುತ್ತವೆ.

ರಾಕೆಟ್, ಉಪಗ್ರಹ ಎಂದರೆ ಚಂದ್ರನಿಗೆ ಹೋಗುವುದಕ್ಕೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಆದರೆ ನಮ್ಮ ದೇಶದಲ್ಲಿ ಬಾಹ್ಯಾಕಾಶದ ಕೆಲಸ ಆರಂಭಿಸಿದ ವಿಜ್ಞಾನಿಯ ಕಣ್ಣು ಚಂದ್ರನಿಗಿಂತ ಹೆಚ್ಚಾಗಿ ಹೊಲದ ಮೇಲೆ, ಹಳ್ಳಿಯ ಮೇಲೆ ನೆಟ್ಟಿತ್ತು. ಅವರೇ ಡಾ. ವಿಕ್ರಮ್ ಸಾರಾಭಾಯಿ. ಬನ್ನಿ, ಅವರ ಜೀವನದ ಕಥೆಯನ್ನು ತಿಳಿಯೋಣ.

ಮನೆಯೇ ಶಾಲೆ

ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಗುಜರಾತಿನ ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ ದೊಡ್ಡ ಬಟ್ಟೆ ಗಿರಣಿಯ ಒಡೆಯರು. ತಾಯಿ ಸರಳಾದೇವಿ. ಈ ದಂಪತಿಗೆ ಎಂಟು ಮಕ್ಕಳು. ಮಕ್ಕಳು ಹೆದರಿಕೆಯಿಲ್ಲದೆ, ತಮ್ಮ ಕೈಯಾರೆ ಮಾಡಿ ಕಲಿಯಬೇಕು ಎಂಬುದು ತಾಯಿಯ ಆಸೆ. ಅದಕ್ಕಾಗಿ ಅವರು ಮಾಂಟೆಸರಿ ಪದ್ಧತಿಯಲ್ಲಿ ಮನೆಯಲ್ಲೇ ಶಾಲೆ ನಡೆಸಿದರು. ಮನೆಯಂಗಳದಲ್ಲೇ ಒಂದು ಸಣ್ಣ ಕಾರ್ಯಾಗಾರವೂ ಇತ್ತು. ಬಾಲಕ ವಿಕ್ರಮನಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸುವುದೆಂದರೆ ಬಹಳ ಇಷ್ಟ.

ಆ ಮನೆಗೆ ಮಹಾತ್ಮ ಗಾಂಧಿ, ರವೀಂದ್ರನಾಥ ಠಾಗೋರ್ ಮೊದಲಾದ ಹಿರಿಯರು ಬಂದು ಹೋಗುತ್ತಿದ್ದರು. ವಿಕ್ರಮನ ಸೋದರತ್ತೆ ಅನಸೂಯಾ ಸಾರಾಭಾಯಿ ಗಿರಣಿ ಕಾರ್ಮಿಕರ ಪರವಾಗಿ ಹೋರಾಡಿದವರು. ಅಕ್ಕ ಮೃದುಲಾ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಸೇರಿದವರು. ಹೀಗೆ ಒಂದೇ ಮನೆಯಲ್ಲಿ ಸಿರಿವಂತಿಕೆಯೂ ಇತ್ತು, ಬಡವರ ಬಗೆಗಿನ ಚಿಂತೆಯೂ ಇತ್ತು. ಇವೆರಡನ್ನೂ ನೋಡುತ್ತಾ ಹುಡುಗ ಬೆಳೆದ.

ಬೆಂಗಳೂರಿನ ದಿನಗಳು

ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಓದಿದ ಮೇಲೆ ವಿಕ್ರಮ್ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ 1940ರಲ್ಲಿ ಪದವಿ ಪಡೆದರು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಹಾಗಾಗಿ ಅವರು ಭಾರತಕ್ಕೆ ಮರಳಿದರು. ಮುಂದಿನ ಓದು ಎಲ್ಲಿ? ನಮ್ಮ ಬೆಂಗಳೂರಿನಲ್ಲಿ! ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೊಬೆಲ್ ಪುರಸ್ಕೃತ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಕೈಗೊಂಡರು. ಹೋಮಿ ಭಾಭಾ ಅವರೂ ಆಗ ಅಲ್ಲೇ ಇದ್ದರು.

ವಿಕ್ರಮ್ ಆರಿಸಿಕೊಂಡ ವಿಷಯ ವಿಶ್ವಕಿರಣಗಳು. ವಿಶ್ವಕಿರಣಗಳೆಂದರೆ ಅಂತರಿಕ್ಷದಿಂದ ಬಂದು ಭೂಮಿಯ ವಾಯುಮಂಡಲಕ್ಕೆ ಅಪ್ಪಳಿಸುವ ಅತಿ ವೇಗದ ಕಣಗಳು. ಇವನ್ನು ಅಳೆಯಲು ಅವರು ತಾವೇ ಉಪಕರಣ ಜೋಡಿಸಿದರು. ಕಾಶ್ಮೀರದ ಎತ್ತರದ ಬೆಟ್ಟಗಳಿಗೂ ಅವನ್ನು ಹೊತ್ತೊಯ್ದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದರು.

ಬೆಂಗಳೂರಿನಲ್ಲೇ ಅವರಿಗೆ ನೃತ್ಯ ಕಲಾವಿದೆ ಮೃಣಾಲಿನಿ ಅವರ ಪರಿಚಯವಾಯಿತು. 1942ರಲ್ಲಿ ಇಬ್ಬರೂ ಮದುವೆಯಾದರು.

ಸ್ವಾತಂತ್ರ್ಯ ಬಂದ ವರ್ಷವೇ, ಅಂದರೆ 1947ರ ನವೆಂಬರಿನಲ್ಲಿ, ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಆಗ ಸಾರಾಭಾಯಿ ಅವರಿಗೆ ಕೇವಲ 28 ವರ್ಷ. ಕಾಲೇಜೊಂದರ ಕೆಲವು ಕೋಣೆಗಳಲ್ಲಿ ಶುರುವಾದ ಆ ಪ್ರಯೋಗಾಲಯ ಇಂದು ದೇಶದ ಹೆಸರಾಂತ ಸಂಸ್ಥೆಗಳಲ್ಲಿ ಒಂದು. ಬಟ್ಟೆ ಗಿರಣಿಗಳಿಗಾಗಿ ಒಂದು ಸಂಶೋಧನಾ ಸಂಸ್ಥೆ, ಆಡಳಿತ ನಿರ್ವಹಣೆ ಕಲಿಸುವ ಸಂಸ್ಥೆ, ಮಕ್ಕಳು ತಾವೇ ಪ್ರಯೋಗ ಮಾಡಿ ಕಲಿಯಲು ಒಂದು ವಿಜ್ಞಾನ ಕೇಂದ್ರ, ಹೀಗೆ ಅವರು ಹುಟ್ಟುಹಾಕಲು ನೆರವಾದ ಸಂಸ್ಥೆಗಳ ಪಟ್ಟಿ ಉದ್ದವಾಗಿದೆ.

ಚರ್ಚಿನಲ್ಲಿ ರಾಕೆಟ್ ಕೇಂದ್ರ

1962ರಲ್ಲಿ ಭಾರತ ಸರ್ಕಾರ ಬಾಹ್ಯಾಕಾಶ ಸಂಶೋಧನೆಗಾಗಿ ಒಂದು ರಾಷ್ಟ್ರೀಯ ಸಮಿತಿ ರಚಿಸಿತು. ಸಾರಾಭಾಯಿ ಅದರ ಅಧ್ಯಕ್ಷರಾದರು. ರಾಕೆಟ್ ಹಾರಿಸಲು ಜಾಗ ಬೇಕಲ್ಲ? ಕೇರಳದ ತಿರುವನಂತಪುರದ ಬಳಿ ಕಡಲ ತೀರದಲ್ಲಿರುವ ತುಂಬಾ ಎಂಬ ಮೀನುಗಾರರ ಹಳ್ಳಿ ಅವರ ಕಣ್ಣಿಗೆ ಬಿತ್ತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಊರಿನ ಹತ್ತಿರವೇ ಹಾದುಹೋಗುತ್ತದೆ. ವಾಯುಮಂಡಲದ ಮೇಲಿನ ಪದರಗಳನ್ನು ಅಧ್ಯಯನ ಮಾಡಲು ಅಂತಹ ಜಾಗ ಬಹಳ ಅನುಕೂಲ.

ಆದರೆ ಅಲ್ಲಿ ಜನ ವಾಸವಾಗಿದ್ದರು. ಒಂದು ಹಳೆಯ ಚರ್ಚೂ ಇತ್ತು. ಸಾರಾಭಾಯಿ ಅಲ್ಲಿನ ಬಿಷಪ್ಪರನ್ನು ಕಂಡು ವಿಷಯ ತಿಳಿಸಿದರು. ಬಿಷಪ್ಪರು ಊರಿನವರ ಮುಂದೆಯೇ ಪ್ರಶ್ನೆಯನ್ನು ಇಟ್ಟರು. ಮೀನುಗಾರರು ಒಪ್ಪಿ ತಮ್ಮ ನೆಲ ಬಿಟ್ಟುಕೊಟ್ಟರು. ಚರ್ಚಿನ ಕಟ್ಟಡವೇ ವಿಜ್ಞಾನಿಗಳ ಕೆಲಸದ ಜಾಗವಾಯಿತು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದ ಚಿತ್ರವನ್ನು ನೀವು ನೋಡಿರಬಹುದು. ಅದು ಇಲ್ಲಿಯದೇ. 1963ರ ನವೆಂಬರ್ 21ರ ಸಂಜೆ ಅಮೆರಿಕದಿಂದ ಪಡೆದ ಪುಟ್ಟ ರಾಕೆಟ್ಟೊಂದು ಅಲ್ಲಿಂದ ಮೇಲಕ್ಕೆ ಹಾರಿತು. ನಾಲ್ಕೇ ವರ್ಷಗಳಲ್ಲಿ, 1967ರಲ್ಲಿ, ನಮ್ಮವರೇ ತಯಾರಿಸಿದ ರಾಕೆಟ್ ಕೂಡ ಹಾರಿತು. ಅದರ ಅಡ್ಡಳತೆ ಎಷ್ಟು ಗೊತ್ತೇ? ಬರೀ 75 ಮಿಲಿಮೀಟರ್! ನಿಮ್ಮ ಅಂಗೈಯಷ್ಟು ಅಗಲ!

ಹಸಿದವರ ದೇಶಕ್ಕೆ ರಾಕೆಟ್ ಏಕೆ?

ಈಗ ಒಂದು ಕಷ್ಟದ ಪ್ರಶ್ನೆ ಎದುರಾಗುತ್ತದೆ. 1965 ಮತ್ತು 1966ರಲ್ಲಿ ಸಾಲಾಗಿ ಎರಡು ವರ್ಷ ದೇಶದಲ್ಲಿ ಮಳೆ ಕೈಕೊಟ್ಟಿತು. ಬರಗಾಲ ಬಂತು. 1966ರಲ್ಲಿ ಹೊರದೇಶಗಳಿಂದ ಸುಮಾರು 1 ಕೋಟಿ ಟನ್ ಧಾನ್ಯವನ್ನು ಹಡಗುಗಳಲ್ಲಿ ತರಿಸಬೇಕಾಯಿತು. ಜನಕ್ಕೆ ಹೊಟ್ಟೆಗಿಲ್ಲದಿರುವಾಗ ರಾಕೆಟ್ಟಿಗೆ ದುಡ್ಡು ಏಕೆ ಸುರಿಯಬೇಕು ಎಂದು ಹಲವರು ಕೇಳಿದರು. ನೀವಾಗಿದ್ದರೂ ಹಾಗೆಯೇ ಕೇಳುತ್ತಿದ್ದಿರಿ, ಅಲ್ಲವೆ? ಅದು ನ್ಯಾಯವಾದ ಪ್ರಶ್ನೆಯೇ.

ಸಾರಾಭಾಯಿ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಚಂದ್ರನನ್ನು ಮುಟ್ಟುವುದರಲ್ಲಿ ಶ್ರೀಮಂತ ದೇಶಗಳೊಡನೆ ಪೈಪೋಟಿಗೆ ಇಳಿಯುವುದು ತಮ್ಮ ಉದ್ದೇಶವಲ್ಲ ಎಂದು ಅವರು ಸ್ಪಷ್ಟವಾಗಿ ಹೇಳುತ್ತಿದ್ದರು. ಹೊಸ ತಂತ್ರಜ್ಞಾನವನ್ನು ಸಾಮಾನ್ಯ ಜನರ ಕಷ್ಟ ಪರಿಹರಿಸಲು ಬಳಸುವುದರಲ್ಲಿ ಮಾತ್ರ ನಾವು ಯಾರಿಗೂ ಹಿಂದೆ ಬೀಳಬಾರದು ಎಂಬುದು ಅವರ ನಿಲುವಾಗಿತ್ತು.

ಅದು ಹೇಗೆ ಸಾಧ್ಯ? ಅವರ ಯೋಚನೆಯ ಸರಣಿಯನ್ನು ನಾವೂ ಅನುಸರಿಸೋಣ. ಅದೇ ಸಮಯಕ್ಕೆ ಹೆಚ್ಚು ಇಳುವರಿ ಕೊಡುವ ಗೋಧಿ, ಭತ್ತದ ತಳಿಗಳು ಬಂದಿದ್ದವು. ಆದರೆ ಹೊಸ ಬೀಜ ಕೈಗೆ ಬಂದರೆ ಸಾಕೆ? ಎಷ್ಟು ಆಳಕ್ಕೆ ಬಿತ್ತಬೇಕು, ಯಾವಾಗ ನೀರು ಹಾಯಿಸಬೇಕು, ಎಷ್ಟು ಗೊಬ್ಬರ ಹಾಕಬೇಕು ಎಂಬುದು ರೈತನಿಗೆ ತಿಳಿಯಬೇಕು. ತಿಳಿಯದಿದ್ದರೆ ಬೀಜದ ದುಡ್ಡೂ ಹೋಯಿತು, ಗೊಬ್ಬರದ ದುಡ್ಡೂ ಹೋಯಿತು. ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಹಳ್ಳಿಗಳು. ಗ್ರಾಮಸೇವಕರು ಎಷ್ಟು ಊರು ಸುತ್ತಿಯಾರು? ಓದು ಬಾರದ ರೈತನಿಗೆ ಪುಸ್ತಕ ಕೊಟ್ಟು ಏನು ಪ್ರಯೋಜನ? ಆದರೆ ಕಣ್ಣಾರೆ ತೋರಿಸಿದರೆ ಯಾರಿಗಾದರೂ ಅರ್ಥವಾಗುತ್ತದೆ. ಹಾಗಾದರೆ ಟೆಲಿವಿಷನ್ನನ್ನು ಹಳ್ಳಿಗೆ ಒಯ್ಯಬೇಕು!

ಆಗ ಟಿ.ವಿ. ಇದ್ದದ್ದು ದೆಹಲಿಯಲ್ಲಿ ಮಾತ್ರ. ಅದು ಪಟ್ಟಣದ ಸಿರಿವಂತರ ವಸ್ತು ಎಂದೇ ಹೆಚ್ಚಿನವರ ಭಾವನೆ. ಸಾರಾಭಾಯಿ ಅದನ್ನು ತಲೆಕೆಳಗು ಮಾಡಿದರು. 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ 'ಕೃಷಿ ದರ್ಶನ' ಕಾರ್ಯಕ್ರಮ ಆರಂಭವಾಯಿತು. ಅದರ ಹಿಂದೆ ಅವರ ಒತ್ತಾಸೆ ಇತ್ತು. ಪ್ರತಿ ಊರಿನಲ್ಲೂ ಎಲ್ಲರೂ ಒಟ್ಟಿಗೆ ಕುಳಿತು ನೋಡಲು ಒಂದು ಟಿ.ವಿ. ಇಡಲಾಯಿತು. ರೈತರು ನೋಡಿದರು, ಚರ್ಚಿಸಿದರು, ಕಲಿತರು.

ಸರಿ, 80 ಹಳ್ಳಿಗೆ ಆಯಿತು. ಉಳಿದ ಲಕ್ಷಾಂತರ ಹಳ್ಳಿಗಳಿಗೆ? ನೆಲದ ಮೇಲಿನ ಟಿ.ವಿ. ಗೋಪುರದ ಅಲೆಗಳು ಕೆಲವು ಹತ್ತು ಕಿಲೋಮೀಟರ್ ದೂರ ಮಾತ್ರ ಮುಟ್ಟುತ್ತವೆ. ಭೂಮಿ ಗುಂಡಗಿರುವುದರಿಂದ ಅದರಾಚೆಗೆ ಅವು ತಲುಪುವುದಿಲ್ಲ. ದೇಶವನ್ನೆಲ್ಲ ಮುಟ್ಟಲು ನೂರಾರು ಗೋಪುರ ಬೇಕು, ದಶಕಗಳೇ ಬೇಕು. ಆದರೆ 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಒಂದು ಗೋಪುರ ಇದ್ದರೆ? ಅದೇ ಭೂಸ್ಥಿರ ಉಪಗ್ರಹ! ಅಷ್ಟು ಎತ್ತರದಲ್ಲಿ, ಸಮಭಾಜಕದ ನೇರ ಮೇಲೆ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತಿಗೆ ಸರಿಯಾಗಿ ಭೂಮಿಯ ಒಂದು ಆವರ್ತನೆಯಷ್ಟೇ ಸಮಯ ಬೇಕು. ಆದ್ದರಿಂದ ಅದು ನಮ್ಮ ತಲೆಯ ಮೇಲೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಇಡೀ ಭಾರತ ಅದಕ್ಕೆ ಒಂದೇ ನೋಟದಲ್ಲಿ ಸಿಗುತ್ತದೆ.

ಅಂತಹ ಉಪಗ್ರಹ ನಮ್ಮಲ್ಲಿ ಇರಲಿಲ್ಲ. ಅದಕ್ಕಾಗಿ ಕಾಯುತ್ತಾ ಕೂರುವುದರ ಬದಲು, ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸುವ ಒಪ್ಪಂದವನ್ನು ಸಾರಾಭಾಯಿ 1969ರ ಸೆಪ್ಟೆಂಬರಿನಲ್ಲಿ ಮಾಡಿಕೊಂಡರು. ಅದರ ಹಿಂದಿನ ತಿಂಗಳು, ಆಗಸ್ಟ್ 15ರಂದು, ಇಸ್ರೋ ಹುಟ್ಟಿತ್ತು.

ತೆಂಗಿನ ಮರಗಳ ಜ್ವರ ನೋಡಿದ ಕ್ಯಾಮೆರಾ

ಉಪಗ್ರಹದಿಂದ ಇನ್ನೊಂದು ಉಪಯೋಗವನ್ನೂ ಸಾರಾಭಾಯಿ ಕಂಡಿದ್ದರು. ಮೇಲಿನಿಂದ ಭೂಮಿಯನ್ನು ನೋಡಿ ಬೆಳೆಯ ಸ್ಥಿತಿ ತಿಳಿಯುವುದು. ಇದಕ್ಕೆ ದೂರಸಂವೇದನೆ ಎಂದು ಹೆಸರು. ಈ ಕೆಲಸಕ್ಕೆ ಅವರು ಹವಾಮಾನ ವಿಜ್ಞಾನಿ ಪಿ. ಆರ್. ಪಿಶರೋಟಿ ಅವರನ್ನು ಹುರಿದುಂಬಿಸಿದರು.

ಕೇರಳದಲ್ಲಿ ಆಗ ತೆಂಗಿನ ಮರಗಳಿಗೆ ಬೇರು ಸೊರಗು ರೋಗ ತಗುಲಿತ್ತು. ಗರಿಗಳು ಜೋತುಬಿದ್ದು, ಇಳುವರಿ ಕುಸಿಯುತ್ತಿತ್ತು. ಮರ ಸೊರಗಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಬಹಳ ಹಬ್ಬಿರುತ್ತಿತ್ತು. 1970ರಲ್ಲಿ ಪಿಶರೋಟಿ ಮತ್ತು ಸಂಗಡಿಗರು ಹೆಲಿಕಾಪ್ಟರಿನಲ್ಲಿ ಕುಳಿತು ತೆಂಗಿನ ತೋಟಗಳ ಮೇಲೆ ಹಾರಿದರು. ಅವರ ಕ್ಯಾಮೆರಾದಲ್ಲಿ ವಿಶೇಷ ಫಿಲ್ಮ್ ಇತ್ತು. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅದು ಗ್ರಹಿಸುತ್ತಿತ್ತು.

ಇದರ ಗುಟ್ಟು ಏನು? ಹಸಿರೆಲೆ ತನ್ನ ಪತ್ರಹರಿತ್ತಿನಿಂದ ಕೆಂಪು ಬೆಳಕನ್ನು ಹೀರಿಕೊಂಡು ಆಹಾರ ತಯಾರಿಸುತ್ತದೆ. ಆದರೆ ಅವಕೆಂಪು ಕಿರಣ ಅದಕ್ಕೆ ಬೇಡ. ಎಲೆಯೊಳಗಿನ ಜೀವಕೋಶಗಳೂ ಅವುಗಳ ನಡುವಿನ ಗಾಳಿಯೂ ಸೇರಿ ಆ ಕಿರಣವನ್ನು ಬಹುಪಾಲು ಹಿಂದಕ್ಕೆ ಪ್ರತಿಫಲಿಸುತ್ತವೆ. ಎಲೆ ರೋಗಕ್ಕೆ ತುತ್ತಾದರೆ ಒಳರಚನೆ ಕೆಡುತ್ತದೆ. ಪ್ರತಿಫಲನ ಕಡಿಮೆಯಾಗುತ್ತದೆ. ಹೊರಗೆ ಎಲೆ ಇನ್ನೂ ಹಸಿರಾಗಿಯೇ ಕಂಡರೂ, ಅವಕೆಂಪು ಚಿತ್ರದಲ್ಲಿ ಗುಟ್ಟು ರಟ್ಟಾಗುತ್ತದೆ. ಆ ಫಿಲ್ಮಿನಲ್ಲಿ ಆರೋಗ್ಯವಂತ ಮರ ಗಾಢ ಕೆಂಪಾಗಿ ಮೂಡುತ್ತದೆ, ಕಾಯಿಲೆ ಮರ ಮಂಕಾಗಿ ಕಾಣುತ್ತದೆ. ಜ್ವರ ಬರುವ ಮೊದಲೇ ಮೈ ಬೆಚ್ಚಗಾದುದನ್ನು ಅಮ್ಮ ಕೈಯಿಟ್ಟು ತಿಳಿಯುವಂತೆ! ನಮ್ಮ ದೇಶದಲ್ಲಿ ಕೃಷಿಗಾಗಿ ನಡೆದ ದೂರಸಂವೇದನೆಯ ಮೊದಲ ಪ್ರಯೋಗ ಇದು.

ನೋಡಲು ಅವರೇ ಇರಲಿಲ್ಲ

1966ರಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಪರಮಾಣು ಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿ ಅವರ ಹೆಗಲಿಗೆ ಬಂದಿತ್ತು. ಅಹಮದಾಬಾದ್, ಮುಂಬಯಿ, ದೆಹಲಿ, ತಿರುವನಂತಪುರ ಎಂದು ಸದಾ ಓಡಾಟ. ವಿಶ್ರಾಂತಿ ಎಂಬುದೇ ಇರಲಿಲ್ಲ. 1971ರ ಡಿಸೆಂಬರಿನಲ್ಲಿ ಅವರು ಕೆಲಸದ ಮೇಲೆ ತಿರುವನಂತಪುರಕ್ಕೆ ಬಂದಿದ್ದರು. ಹತ್ತಿರದ ಕೋವಳಂನಲ್ಲಿ ತಂಗಿದ್ದಾಗ, ಡಿಸೆಂಬರ್ 30ರಂದು, ನಿದ್ದೆಯಲ್ಲೇ ತೀರಿಕೊಂಡರು. ಆಗ ಅವರಿಗೆ 52 ವರ್ಷ ಮಾತ್ರ.

ಮಕ್ಕಳೇ, ಸ್ವಲ್ಪ ಯೋಚಿಸಿ. ಆ ದಿನ ನಮ್ಮ ದೇಶದ ಒಂದೇ ಒಂದು ಉಪಗ್ರಹವೂ ಆಕಾಶದಲ್ಲಿ ಇರಲಿಲ್ಲ. ಹಳ್ಳಿಗೆ ಉಪಗ್ರಹದಿಂದ ಟಿ.ವಿ. ಬಂದಿರಲಿಲ್ಲ. ಅವರು ಕಂಡ ಕನಸಿನಲ್ಲಿ ಹೆಚ್ಚಿನದು ಇನ್ನೂ ಕಾಗದದ ಮೇಲೆ ಇತ್ತು. ಕೆಲಸ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಏಕೆಂದರೆ ಸಾರಾಭಾಯಿ ಯೋಜನೆಗಳ ಜೊತೆಗೆ ಜನರನ್ನೂ ಬೆಳೆಸಿದ್ದರು. ಎ. ಪಿ. ಜೆ. ಅಬ್ದುಲ್ ಕಲಾಂ ಅಂತಹ ಯುವಕರಲ್ಲಿ ಒಬ್ಬರು. 1972ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಇಸ್ರೋದ ಚುಕ್ಕಾಣಿ ಹಿಡಿದರು. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ನೆಲೆಯಾಯಿತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ 'ಆರ್ಯಭಟ' 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಅದು ನಮ್ಮ ಮೊದಲ ಉಪಗ್ರಹ.

ಶಾಲೆಯ ಮುಂದೆ ತಂತಿ ಬಲೆಯ ಕೊಡೆ

1975ರ ಆಗಸ್ಟ್ 1ರಂದು ಸಾರಾಭಾಯಿ ಅವರ ದೊಡ್ಡ ಕನಸು ನನಸಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಟಿ.ವಿ. ಕಾರ್ಯಕ್ರಮ ಮೂಡಿತು. ಈ ಪ್ರಯೋಗದ ಹೆಸರು 'ಸೈಟ್'. ಕರ್ನಾಟಕವೂ ಅದರಲ್ಲಿತ್ತು! ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು ಆರಿಸಲಾಗಿತ್ತು. ಇಂದಿನ ವಿಜಯಪುರ, ಬಾಗಲಕೋಟೆ, ಕಲಬುರಗಿ, ಯಾದಗಿರಿ, ಕೊಪ್ಪಳ ಎಲ್ಲವೂ ಆ ಮೂರು ಜಿಲ್ಲೆಗಳಲ್ಲೇ ಸೇರಿದ್ದವು. ನೀವು ಆ ಕಡೆಯವರಾದರೆ ನಿಮ್ಮ ಊರಿನ ಹಿರಿಯರನ್ನು ಕೇಳಿ ನೋಡಿ. ಯಾರಿಗಾದರೂ ನೆನಪಿರಬಹುದು.

ಬಹಳ ಕಡೆ ಟಿ.ವಿ. ಇಟ್ಟದ್ದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ. ಹೊರಗೆ ಸುಮಾರು 3 ಮೀಟರ್ ಅಗಲದ ಒಂದು ಆಂಟೆನಾ. ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯಿಂದಲೇ ಮಾಡಿದ, ತಿರುವಿಟ್ಟ ಕೊಡೆಯಂಥ ಆಂಟೆನಾ ಅದು. ಹೀಗಾಗಿ ಖರ್ಚು ಕಡಿಮೆಯಾಯಿತು. ಟಿ.ವಿ. ಸೆಟ್ಟುಗಳನ್ನು ತಯಾರಿಸಿದ್ದು ಹೈದರಾಬಾದಿನ ಇ.ಸಿ.ಐ.ಎಲ್. ಎಂಬ ಸರ್ಕಾರಿ ಕಾರ್ಖಾನೆ. ಆ ಕಾರ್ಖಾನೆ 1967ರಲ್ಲಿ ಹುಟ್ಟಿದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ಸಾರಾಭಾಯಿ ಅವರೇ.

ಬೆಳಿಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಮನರಂಜನೆ. ಉಪಗ್ರಹದಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಧ್ವನಿ ಕಳುಹಿಸಬಹುದಿತ್ತು. ಹಾಗಾಗಿ ಒಂದೇ ಚಿತ್ರವನ್ನು ಆಂಧ್ರದವರು ತೆಲುಗಿನಲ್ಲಿ, ನಮ್ಮವರು ಕನ್ನಡದಲ್ಲಿ ಕೇಳಬಹುದಿತ್ತು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇದೇ ಟಿ.ವಿ. ಮೂಲಕ ವಿಜ್ಞಾನ ಕಲಿಸುವ ತರಬೇತಿಯೂ ನಡೆಯಿತು.

ಆದರೆ ಇದು ಒಂದು ವರ್ಷದ ಕಥೆ. 1976ರ ಜುಲೈ 31ಕ್ಕೆ ಒಪ್ಪಂದ ಮುಗಿಯಿತು. ನಾಸಾದ ಉಪಗ್ರಹ ಬೇರೆಡೆಗೆ ಸರಿಯಿತು. ಪರದೆಗಳು ಕಪ್ಪಾದವು. ದಿನವೂ ಸಂಜೆ ಬಂದು ಕೂರುತ್ತಿದ್ದ ಜನರಿಗೆ ಹೇಗಾಗಿರಬೇಡ? 1977ರಲ್ಲಿ ಗುಲ್ಬರ್ಗದಲ್ಲಿ ಟಿ.ವಿ. ಪ್ರಸಾರ ಕೇಂದ್ರ ಶುರುವಾಗಿ ಸುತ್ತಲಿನ ಕೆಲವು ಊರುಗಳಿಗೆ ಮತ್ತೆ ಕಾರ್ಯಕ್ರಮ ಸಿಕ್ಕಿತು. ಉಳಿದ ಊರುಗಳು ನಮ್ಮದೇ 'ಇನ್ಸಾಟ್' ಉಪಗ್ರಹಗಳು ಬರುವವರೆಗೆ ಕಾಯಬೇಕಾಯಿತು.

ಪ್ರಯೋಗ ಮುಗಿದ ಮೇಲೆ ಏನು ಫಲ ಸಿಕ್ಕಿತು ಎಂದು ತಜ್ಞರು ಪರಿಶೀಲಿಸಿದರು. ಆರೋಗ್ಯದಂತಹ ವಿಷಯಗಳಲ್ಲಿ ಜನರ ತಿಳಿವಳಿಕೆ ಹೆಚ್ಚಿತ್ತು. ಬೇಸಾಯದಲ್ಲಿ ಮಾತ್ರ ನಿರೀಕ್ಷಿಸಿದಷ್ಟು ಬದಲಾವಣೆ ಆಗಿರಲಿಲ್ಲ. ಏಕೆ? ಎರೆನೆಲದಲ್ಲಿ ಜೋಳ ಬೆಳೆಯುವವನಿಗೂ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವನಿಗೂ ಒಂದೇ ಸಲಹೆ ಹೊಂದುತ್ತದೆಯೆ? ಜೊತೆಗೆ, ಟಿ.ವಿ. ಹೇಳುತ್ತದೆ, ಆದರೆ ರೈತ ಕೇಳಿದ ಪ್ರಶ್ನೆ ಅದಕ್ಕೆ ಕೇಳಿಸುವುದಿಲ್ಲ. ಸೋಲಿನಿಂದಲೂ ಪಾಠ ಕಲಿಯುವುದೇ ವಿಜ್ಞಾನ. ಆಯಾ ಊರಿಗೆ ತಕ್ಕ ಮಾಹಿತಿ ಬೇಕು, ರೈತ ಮರಳಿ ಕೇಳುವಂತಿರಬೇಕು ಎಂಬ ಪಾಠ ಇದರಿಂದ ಸಿಕ್ಕಿತು.

ಬಿತ್ತಿದ ಬೀಜ ಪೈರಾಯಿತು

ಮುಂದೆ ನಡೆದದ್ದನ್ನು ನೋಡಿದರೆ ಆ ಪಾಠ ವ್ಯರ್ಥವಾಗಲಿಲ್ಲ ಎಂದು ತಿಳಿಯುತ್ತದೆ. 1988ರ ಮಾರ್ಚ್ 17ರಂದು ನಮ್ಮ ಮೊದಲ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ಹಾರಿತು. ಸುಮಾರು 900 ಕಿಲೋಮೀಟರ್ ಎತ್ತರದಿಂದ ಅದರ ಒಂದು ಕ್ಯಾಮೆರಾಕ್ಕೆ 72.5 ಮೀಟರ್ ಉದ್ದಗಲದ ನೆಲ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಅಂದರೆ ಸುಮಾರು ಒಂದೂಕಾಲು ಎಕರೆಗೆ ಒಂದು ಚುಕ್ಕೆ! 2003ರಲ್ಲಿ ಹಾರಿದ ರಿಸೋರ್ಸ್‌ಸ್ಯಾಟ್-1 ಉಪಗ್ರಹದ ಒಂದು ಕ್ಯಾಮೆರಾಕ್ಕೆ 5.8 ಮೀಟರಿನ ಚುಕ್ಕೆ ಕಾಣುತ್ತಿತ್ತು. ಅದು ನಿಮ್ಮ ತರಗತಿಯ ಕೋಣೆಯಷ್ಟು. ತೆಂಗಿನ ತೋಟದ ಮೇಲೆ ಹಾರಿದ ಹೆಲಿಕಾಪ್ಟರಿನ ಕೆಲಸವನ್ನೇ ಈ ಉಪಗ್ರಹಗಳು ದೇಶದುದ್ದಕ್ಕೂ ಮಾಡಿದವು. ಯಾವ ಜಿಲ್ಲೆಯಲ್ಲಿ ಯಾವ ಬೆಳೆ ಎಷ್ಟಿದೆ, ಎಲ್ಲಿ ಬರ ಕಾಣಿಸಿಕೊಳ್ಳುತ್ತಿದೆ ಎಂದು ಅಂದಾಜು ಮಾಡಲು 2012ರಿಂದ ದೆಹಲಿಯಲ್ಲಿ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರವೇ ಇದೆ.

ಮುಂಗಾರಿನಲ್ಲಿ ಮೋಡ ಕವಿದರೆ ಕ್ಯಾಮೆರಾಕ್ಕೆ ಏನೂ ಕಾಣದು. ಅದಕ್ಕೂ ಉಪಾಯವಿದೆ. ರೇಡಾರ್ ಅಲೆಗಳು ಮೋಡವನ್ನು ತೂರಿ ಹೋಗುತ್ತವೆ. ರಾತ್ರಿಯೂ ಕೆಲಸ ಮಾಡುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ 'ನೈಸಾರ್' ಅಂತಹ ರೇಡಾರ್ ಉಪಗ್ರಹ. ಇದನ್ನು ಇಸ್ರೋ ಮತ್ತು ನಾಸಾ ಸೇರಿ ಕಟ್ಟಿದವು. 1969ರಲ್ಲಿ ನಾಸಾದ ಉಪಗ್ರಹವನ್ನು ಎರವಲು ಕೇಳಿದ ದೇಶ ಇಂದು ಅದೇ ನಾಸಾದ ಜೊತೆ ಸರಿಸಮನಾಗಿ ದುಡಿಯುತ್ತಿದೆ.

ನಮ್ಮ ರಾಜ್ಯದಲ್ಲಿ 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂದು, ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮ ಪಂಚಾಯಿತಿಗಳಲ್ಲಿ ಮಳೆಯನ್ನು ತಾವೇ ಅಳೆದು ಸುದ್ದಿ ಕಳುಹಿಸುವ ಮಾಪಕಗಳು ಬಂದವು. ರೈತರು ಫೋನ್ ಮಾಡಿ ಪ್ರಶ್ನೆ ಕೇಳಲು 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಆರಂಭವಾಯಿತು. ಈಗ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸಬಹುದು. ಕರಾವಳಿಯ ಮೀನುಗಾರರಿಗೆ, ಸಮುದ್ರದ ಬಣ್ಣ ಮತ್ತು ಬಿಸಿಯನ್ನು ಉಪಗ್ರಹದಿಂದ ಅಳೆದು, ಮೀನು ಎಲ್ಲಿ ಸಿಗಬಹುದೆಂದು ಹೈದರಾಬಾದಿನ ಸಂಸ್ಥೆಯೊಂದು ತಿಳಿಸುತ್ತದೆ. ತುಂಬಾದ ಮೀನುಗಾರರು ಬಿಟ್ಟುಕೊಟ್ಟ ನೆಲದಿಂದ ಹೊರಟ ಕೆಲಸ ಹೀಗೆ ಮೀನುಗಾರರ ದೋಣಿಗೇ ಮರಳಿ ಬಂತು!

ಮಾಹಿತಿಯಿಂದ ಆದಾಯ ಹೇಗೆ ಹೆಚ್ಚುತ್ತದೆ? ಒಂದು ಲೆಕ್ಕ ಮಾಡೋಣ. ಒಬ್ಬ ರೈತ 2,000 ರೂಪಾಯಿ ಖರ್ಚು ಮಾಡಿ ಬೆಳಿಗ್ಗೆ ಔಷಧಿ ಸಿಂಪಡಿಸಿದ ಎಂದುಕೊಳ್ಳಿ. ಮಧ್ಯಾಹ್ನ ಜೋರು ಮಳೆ ಬಂದು ಎಲ್ಲ ತೊಳೆದುಹೋಯಿತು. ಮತ್ತೆ ಸಿಂಪಡಿಸಲು ಇನ್ನೂ 2,000. ಮಳೆಯ ಮುನ್ಸೂಚನೆ ಮೊದಲೇ ಸಿಕ್ಕಿದ್ದರೆ ಅಷ್ಟು ಹಣ ಉಳಿಯುತ್ತಿತ್ತು. ಉಳಿಸಿದ ರೂಪಾಯಿಯೂ ಗಳಿಸಿದ ರೂಪಾಯಿಯೇ, ಅಲ್ಲವೆ?

ಹಾಗೆಂದು ಎಲ್ಲ ಕಷ್ಟವೂ ತೀರಿತೆಂದಲ್ಲ. ಉಪಗ್ರಹ ಮಳೆ ತೋರಿಸಬಲ್ಲದು, ಮಳೆ ತರಿಸಲಾರದು. ಬೆಳೆ ಎಷ್ಟಿದೆ ಎಂದು ಹೇಳಬಲ್ಲದು, ಸಂತೆಯಲ್ಲಿ ಒಳ್ಳೆಯ ಬೆಲೆ ಕೊಡಿಸಲಾರದು. ಒಳ್ಳೆಯ ಫೋನ್ ಇಲ್ಲದವರು, ಓದಲು ಬಾರದವರು, ಸಿಗ್ನಲ್ ಸಿಗದ ಊರಿನವರು ಇನ್ನೂ ಇದ್ದಾರೆ. ಮುಂದಿನ ಕೆಲಸ ಅಲ್ಲಿದೆ. ಅದನ್ನು ಮಾಡುವವರು ನೀವು. ಮನೆಯಲ್ಲಿ ಅಜ್ಜನಿಗೋ ಅಮ್ಮನಿಗೋ ಮೊಬೈಲಿನಲ್ಲಿ ಬಂದ ಹವಾಮಾನ ಸಲಹೆಯನ್ನು ಓದಿ ಹೇಳಿದರೆ ಅಂದೇ ನೀವು ಆ ಕೆಲಸ ಆರಂಭಿಸಿದಂತೆ.

2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಮೆಲ್ಲಗೆ ಇಳಿದ ನಮ್ಮ ನೌಕೆಯ ಹೆಸರು ನಿಮಗೆ ಗೊತ್ತು. ಅದು 'ವಿಕ್ರಮ್'. ಚಂದ್ರನ ಪೈಪೋಟಿ ಬೇಡ, ಮೊದಲು ಹಳ್ಳಿಯ ಕೆಲಸ ಆಗಲಿ ಎಂದ ವಿಜ್ಞಾನಿಯ ಹೆಸರು ಹೊತ್ತು ನೌಕೆ ಚಂದ್ರನನ್ನು ಸೇರಿತು. ಮುಂದಿನ ಸಲ ಅಪ್ಪ ಹೊಲದ ಬದುವಿನ ಮೇಲೆ ನಿಂತು ಆಕಾಶ ನೋಡುವಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಮೋಡಗಳಾಚೆ, ನಿಮ್ಮ ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ, ನಿಮ್ಮ ಹೊಲವನ್ನು ನೋಡುತ್ತಿರುವ ಕಣ್ಣೊಂದು ಅಲ್ಲಿದೆ.

ನೀವೇ ಮಾಡಿ ನೋಡಿ

1. ಟಿ.ವಿ. ರಿಮೋಟಿನ ತುದಿಯಲ್ಲಿರುವ ಪುಟ್ಟ ದೀಪವನ್ನು ನೋಡುತ್ತಾ ಗುಂಡಿ ಒತ್ತಿ. ಏನೂ ಕಾಣುವುದಿಲ್ಲ. ಈಗ ಮೊಬೈಲ್ ಕ್ಯಾಮೆರಾದ ಮೂಲಕ ಅದನ್ನೇ ನೋಡಿ. ದೀಪ ಮಿನುಗುವುದು ಕಾಣುತ್ತದೆ. ಅದೇ ಅವಕೆಂಪು ಕಿರಣ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾ ಬಳಸಿ.

2. ನೇರ ಬದಿಯ, ಚಪ್ಪಟೆ ತಳದ ಡಬ್ಬಿಯೊಂದನ್ನು ಶಾಲೆಯ ಬಯಲಿನಲ್ಲಿಡಿ. ಮಳೆ ನಿಂತ ಮೇಲೆ ನೀರಿನ ಎತ್ತರವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದು ಬರೆದಿಡಿ. 1 ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್. ಹಾಗಾದರೆ 10 ಮಿಲಿಮೀಟರ್ ಮಳೆ ಬಿದ್ದರೆ ನಿಮ್ಮ ಒಂದು ಎಕರೆ ಹೊಲಕ್ಕೆ ಎಷ್ಟು ಲೀಟರ್ ನೀರು ಸಿಕ್ಕಿತು? ಲೆಕ್ಕ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.